ಗಾಜಿನ ನೂಲು, ಗುಂಡು ಮೂಲೆ

ಕನ್ನಡದ ಪಾಠ ಹೇಳುತ್ತ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕಾಲ ಕಳೆದವನು ನಾನು. ಅಂಥವನು ಮಾದರಿ ವಿಮಾನದ ಮೈಯಲ್ಲಿ ಕಿಂಡಿ ಕೊರೆಯುವ ವಿಚಾರವಾಗಿ ಮಾತನಾಡಲು ಹೊರಟಿದ್ದಾನೆಂದರೆ ಕೇಳುಗರಿಗೆ ಅಚ್ಚರಿಯಾದೀತು. ಅಧಿಕಪ್ರಸಂಗವೆಂದೂ ಕೆಲವರಿಗೆ ತೋರಬಹುದು. ಆದರೆ ಈ ವಿಚಾರ ನನ್ನ ಬಳಿಗೆ ತಾನಾಗಿ ಬಂದದ್ದಲ್ಲ. ನನ್ನ ಕೈಯಿಂದ ಆದ ಒಂದು ತಪ್ಪಿನ ಮೂಲಕ ಬಂದದ್ದು. ಆ ತಪ್ಪಿನ ಬೇರನ್ನು ಹುಡುಕುತ್ತ ಹೋದಾಗ ಎದುರಾದ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನನ್ನ ಮೊಮ್ಮಗ ಹೈಸ್ಕೂಲಿನಲ್ಲಿ ಓದುವ ಹುಡುಗ. ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವ ಗೀಳು ಅವನಿಗೆ. ಕಳೆದ ದಸರಾ ರಜೆಯಲ್ಲಿ, ಕೂಡಿಟ್ಟ ಹಣದಿಂದ ಕೊಂಡ ಒಂದು ಗ್ಲೈಡರಿನ ಒಡಲನ್ನು ನಮ್ಮ ಮನೆಗೆ ತಂದ. ಫೈಬರ್‌ಗ್ಲಾಸಿನದು, ಬೆಳ್ಳಗೆ, ನುಣ್ಣಗೆ, ಮೊಟ್ಟೆಯ ಚಿಪ್ಪಿನಂತೆ ತೆಳ್ಳಗೆ ಇತ್ತು. ಬ್ಯಾಟರಿಯನ್ನು ಇಡುವುದಕ್ಕೂ ತೆಗೆಯುವುದಕ್ಕೂ ಅದರ ಮೂತಿಯ ಹಿಂಭಾಗದಲ್ಲಿ, ಬೆನ್ನಿನ ಮೇಲೆ, ಒಂದು ಕಿಂಡಿ ಬೇಕು. ಅದನ್ನು ಕೊರೆದುಕೊಳ್ಳುವುದು ಕೊಂಡವನ ಕೆಲಸ. "ತಾತ, ನಿಮ್ಮ ಅಕ್ಷರ ಅಷ್ಟು ಅಂದ. ಗೆರೆ ತಪ್ಪದ ಹಾಗೆ ನೀವೇ ಕೊರೆದುಕೊಡಿ" ಎಂದ. ಹೊಗಳಿಕೆಗೆ ಸೋಲದ ಮೇಷ್ಟರು ಯಾರಿದ್ದಾರೆ? ಉಕ್ಕಿನ ಅಳತೆಪಟ್ಟಿ ಹಿಡಿದು, ಹರಿತವಾದ ಚಾಕುವಿನಿಂದ ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಎಳೆದು, ನಾಲ್ಕು ಮೂಲೆಯೂ ನೇರವಾಗಿರುವ ಒಂದು ಆಯತವನ್ನು ಬಿಡಿಸಿ ತೆಗೆದೆ. ನೋಡಿದವರೆಲ್ಲ ಚೊಕ್ಕವಾಗಿದೆ ಎಂದರು. ನನಗೂ ಹಾಗೆಯೇ ಅನ್ನಿಸಿತು.

ಮೂರನೆಯ ದಿನ ಬಯಲಿನಲ್ಲಿ ಆ ಗ್ಲೈಡರು ಸ್ವಲ್ಪ ಬಿರುಸಾಗಿ ನೆಲಕ್ಕಿಳಿಯಿತು. ಬಿದ್ದಿತೆಂದು ಹೇಳುವಂತಿಲ್ಲ, ಅಂಥ ಇಳಿತಗಳು ಅದಕ್ಕೆ ಮಾಮೂಲು. ಎತ್ತಿ ನೋಡಿದರೆ ಕಿಂಡಿಯ ಮೂಲೆಯೊಂದರಿಂದ ಬಿರುಕು ಹೊರಟು, ರೆಕ್ಕೆ ಕೂರುವ ಜಾಗದವರೆಗೂ ಓಡಿತ್ತು. ಹುಡುಗ ಅಳಲಿಲ್ಲ. ಬೆರಳಿನಿಂದ ಬಿರುಕನ್ನು ಸವರಿ, "ಮೂಲೆಯಿಂದಲೇ ಹೊರಟಿದೆ ನೋಡಿ ತಾತ" ಎಂದಷ್ಟೇ ಹೇಳಿದ. ಮನೆಗೆ ಬಂದು ಬೂದುಗಾಜು ಹಿಡಿದು ಉಳಿದ ಮೂರು ಮೂಲೆಗಳನ್ನೂ ನೋಡಿದೆ. ಎಲ್ಲ ಕಡೆಯೂ ನನ್ನ ಚಾಕುವಿನ ಎರಡು ಗೆರೆಗಳು ಒಂದನ್ನೊಂದು ದಾಟಿ ಕೂದಲೆಳೆಯಷ್ಟು ಮುಂದಕ್ಕೆ ಹೋಗಿದ್ದವು. ಚೊಕ್ಕವಾಗಿದೆ ಎಂದು ಕಣ್ಣು ಒಪ್ಪಿದ್ದನ್ನು ಆ ಗಾಜಿನ ಚಿಪ್ಪು ಒಪ್ಪಿರಲಿಲ್ಲ. ಹಾಗಾದರೆ ಚೊಕ್ಕವೆಂದರೇನು? ಈ ಪ್ರಶ್ನೆಯನ್ನು ಹಿಡಿದು ನಾನು ಪುಸ್ತಕಗಳತ್ತ ತಿರುಗಿದೆ. ನನಗೆ ಗೊತ್ತಿರುವ ದಾರಿ ಅದೊಂದೇ.

ವಿಮಾನದ ಮೈಯಲ್ಲಿ ಕಿಂಡಿ ಕೊರೆಯುವ ತೊಡಕು ಮೊದಲಿನಿಂದ ಇದ್ದದ್ದಲ್ಲ. ಪ್ಯಾರಿಸಿನ ಟ್ಯುಲರೀಸ್ ಉದ್ಯಾನದಲ್ಲಿ 1871ರ ಆಗಸ್ಟ್ 18ರಂದು ಆಲ್ಫೋನ್ಸ್ ಪೆನೋ ಎಂಬ ತರುಣನು ತಿರುಚಿದ ರಬ್ಬರಿನ ಬಲದಿಂದ ಹಾರುವ ಪುಟ್ಟ ಮಾದರಿಯನ್ನು ಜನರ ಮುಂದೆ ಹಾರಿಸಿ ತೋರಿಸಿದನು. ಸುಮಾರು 11 ಸೆಕೆಂಡುಗಳ ಹಾರಾಟ ಅದು. ಅದಕ್ಕೆ ಒಡಲು ಎಂದು ಹೇಳುವಂಥದೇನೂ ಇರಲಿಲ್ಲ. ಒಂದು ಕಡ್ಡಿಯೇ ಅದರ ಬೆನ್ನೆಲುಬು. ಮುಂದೆ ಬಹುಕಾಲ ಮಾದರಿಗಳೂ ನಿಜವಾದ ವಿಮಾನಗಳೂ ಕಡ್ಡಿ ಕಟ್ಟಿ, ಕಾಗದವನ್ನೋ ಬಟ್ಟೆಯನ್ನೋ ಹೊದಿಸಿ ಆದಂಥವು. ನಮ್ಮ ಕಂಬ ತೊಲೆಯ ಮನೆಗಳಂತೆ ಭಾರವನ್ನೆಲ್ಲ ಕಂಬಗಳು ಹೊರುತ್ತಿದ್ದವು. ನಡುವಿನ ಹೊದಿಕೆ ಮರೆಗಾಗಿ ಮಾತ್ರ. ಎರಡು ಕಡ್ಡಿಗಳ ನಡುವೆ ಬೇಕಾದಲ್ಲಿ ಕಿಂಡಿ ಬಿಡಬಹುದಾಗಿತ್ತು. ಆಗ ಕಿಂಡಿಯನ್ನು ಕೊರೆಯುತ್ತಿರಲಿಲ್ಲ, ಕಟ್ಟುವಾಗಲೇ ಉಳಿಸಿಕೊಳ್ಳುತ್ತಿದ್ದರು.

1912ರಲ್ಲಿ ಈ ಪದ್ಧತಿಗೆ ಎದುರಾಗಿ ಇನ್ನೊಂದು ಬಂದಿತು. ಫ್ರಾನ್ಸಿನ ಲೂಯಿ ಬೆಶೆರೋ ವಿನ್ಯಾಸ ಮಾಡಿದ ದೆಪೆರ್ದೂಸ್ಸಾಂ ವಿಮಾನದ ಒಡಲನ್ನು, ಅಚ್ಚಿನ ಮೇಲೆ ತೆಳುವಾದ ಮರದ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸಿ ಮಾಡಿದ್ದರು. ಒಳಗೆ ಕಂಬಗಳ ಗೊಡವೆಯಿಲ್ಲದೆ ಹೊರಗಿನ ಚಿಪ್ಪೇ ಭಾರವನ್ನು ಹೊರುವ ಈ ರಚನೆಗೆ 'ಮಾನೊಕಾಕ್', ಅಂದರೆ ಒಂಟಿಚಿಪ್ಪು, ಎಂದು ಹೆಸರಾಯಿತು. ಅದೇ ವರ್ಷ ಷಿಕಾಗೊದಲ್ಲಿ ನಡೆದ ಗಾರ್ಡನ್ ಬೆನೆಟ್ ಪಂದ್ಯವನ್ನು ಈ ವಿಮಾನ ಗೆದ್ದಿತು. ಗಂಟೆಗೆ 100 ಮೈಲಿಯ ವೇಗವನ್ನು ಮೊದಲು ಮೀರಿದ್ದೂ ಇದೇ. ನುಣುಪಾದ ಚಿಪ್ಪು ಗಾಳಿಯನ್ನು ಸಲೀಸಾಗಿ ಸೀಳಿಕೊಂಡು ಹೋಗುತ್ತದೆ. ಆದರೆ ಚಿಪ್ಪಿಗೆ ಬಾಗಿಲಿಲ್ಲ. ಮನುಷ್ಯ ಒಳಗೆ ಕೂರಬೇಕಾದರೆ ಭಾರ ಹೊರುತ್ತಿರುವ ಗೋಡೆಯನ್ನೇ ಕತ್ತರಿಸಬೇಕು. ನನ್ನ ಮೊಮ್ಮಗನ ಗ್ಲೈಡರು ಈ ದೆಪೆರ್ದೂಸ್ಸಾಂನ ವಂಶದ ಕುಡಿ.

ಭಾರ ಹೊರುವ ಗೋಡೆಯಲ್ಲಿ ಒಂದು ತುಂಡನ್ನು ತೆಗೆದರೆ ಆ ತುಂಡು ಹೊರುತ್ತಿದ್ದ ಭಾರ ಎಲ್ಲಿಗೆ ಹೋಗುತ್ತದೆ? ನಮ್ಮ ವ್ಯಾಕರಣದಲ್ಲಿ ಲೋಪಸಂಧಿ ಎಂಬುದೊಂದಿದೆ. 'ಊರು' ಎಂಬುದಕ್ಕೆ 'ಅಲ್ಲಿ' ಸೇರಿ 'ಊರಲ್ಲಿ' ಎಂದಾಗುವಾಗ ನಡುವಿನ ಉಕಾರ ಕಳೆದುಹೋಗುತ್ತದೆ. ಸ್ವರ ಹೋಯಿತು, ಅರ್ಥ ಹೋಗಲಿಲ್ಲ. ಪಕ್ಕದ ಅಕ್ಷರಗಳು ಅದನ್ನು ಹೊತ್ತುಕೊಂಡವು. ಚಿಪ್ಪಿನಲ್ಲಿಯೂ ಹೀಗೆಯೇ. ಕಳೆದುಹೋದ ಭಾಗದ ಹೊರೆಯನ್ನು ಕಿಂಡಿಯ ಅಂಚು ಹೊರುತ್ತದೆ. ಎಷ್ಟು ಹೊರುತ್ತದೆ ಎಂಬುದನ್ನು 1898ರಲ್ಲಿ ಕಿರ್ಶ್ ಎಂಬ ಜರ್ಮನ್ ಎಂಜಿನಿಯರು ಲೆಕ್ಕ ಹಾಕಿದನು. ಎಳೆತಕ್ಕೆ ಸಿಕ್ಕಿದ ಅಗಲವಾದ ತಗಡಿನಲ್ಲಿ ಒಂದು ದುಂಡು ರಂಧ್ರವಿದ್ದರೆ, ಅದರ ಅಂಚಿನ ಎರಡು ಬದಿಗಳಲ್ಲಿ ಬೇರೆಡೆಗಿಂತ 3 ಪಟ್ಟು ಸೆಳೆತ ಇರುತ್ತದೆ. ರಂಧ್ರ ಚಿಕ್ಕದಾಗಲಿ ದೊಡ್ಡದಾಗಲಿ, ಈ 3 ಎಂಬ ಸಂಖ್ಯೆ ಹಾಗೆಯೇ ಉಳಿಯುತ್ತದೆ.

1913ರಲ್ಲಿ ಕೇಂಬ್ರಿಜಿನ ಚಾರ್ಲ್ಸ್ ಇಂಗ್ಲಿಸ್ ಈ ಲೆಕ್ಕವನ್ನು ಮುಂದುವರಿಸಿ ಮೊಟ್ಟೆಯಾಕಾರದ ರಂಧ್ರಗಳನ್ನು ಪರಿಶೀಲಿಸಿದನು. ಎಳೆತಕ್ಕೆ ಅಡ್ಡಲಾಗಿರುವ ರಂಧ್ರದ ಉದ್ದ ಅಗಲದ 3 ಪಟ್ಟಿದ್ದರೆ ತುದಿಯಲ್ಲಿ ಸೆಳೆತ 7 ಪಟ್ಟಾಗುತ್ತದೆ. ತುದಿ ಚೂಪಾದಷ್ಟೂ ಈ ಸಂಖ್ಯೆ ಏರುತ್ತ ಹೋಗುತ್ತದೆ. ಬಿರುಕೆಂದರೆ ಬಹಳ ಉದ್ದವಾದ, ಬಹಳ ಇಕ್ಕಟ್ಟಾದ ರಂಧ್ರವೇ ಅಲ್ಲವೆ? ಅದರ ತುದಿಯಲ್ಲಿ ಸೆಳೆತ ಎಷ್ಟೆಂದು ನೀವೇ ಊಹಿಸಬಹುದು. ನೇಯ್ದ ನಾರಿನ ಬಟ್ಟೆಯಲ್ಲಿ ಎಳೆಗಳ ದಿಕ್ಕಿಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಆದರೆ ತತ್ತ್ವ ಬದಲಾಗುವುದಿಲ್ಲ. ನನ್ನ ಚಾಕು ಮೂಲೆಯನ್ನು ದಾಟಿ ಎಳೆದ ಆ ಕೂದಲೆಳೆಯ ಗೆರೆ ಏನೆಂಬುದು ಇಂಗ್ಲಿಸನ ಮಾತನ್ನು ಓದಿದಾಗ ನನಗೆ ತಿಳಿಯಿತು. ಬಿರುಕಿನ ಮೊದಲಕ್ಷರವನ್ನು ನಾನೇ ಬರೆದುಕೊಟ್ಟಿದ್ದೆ.

ಇಲ್ಲಿಂದ ಕಥೆ ಇಂಗ್ಲೆಂಡಿನ ಫಾರ್ನ್‌ಬರೋ ಎಂಬ ಊರಿಗೆ ಹೋಗುತ್ತದೆ. ಅಲ್ಲಿನ ಸರ್ಕಾರಿ ವಿಮಾನ ಸಂಶೋಧನಾಲಯದಲ್ಲಿದ್ದ ಆಲನ್ ಆರ್ನಲ್ಡ್ ಗ್ರಿಫಿತ್, ಗಾಜು ಏಕೆ ಅಷ್ಟು ಸುಲಭವಾಗಿ ಒಡೆಯುತ್ತದೆ ಎಂಬುದನ್ನು ವಿಚಾರಿಸಿ 1920ರಲ್ಲಿ ಒಂದು ಪ್ರಬಂಧ ಬರೆದನು. ಕಣ್ಣಿಗೆ ಕಾಣದ ಗೀರುಗಳೇ ಗಾಜಿನ ಶತ್ರುಗಳು, ಸೆಳೆತವೆಲ್ಲ ಅವುಗಳ ತುದಿಯಲ್ಲಿ ಸೇರಿ ಗಾಜನ್ನು ಸೀಳುತ್ತದೆ ಎಂಬುದು ಅವನ ನಿರ್ಣಯ. ಇದನ್ನು ಸಾಧಿಸಲು ಅವನು ಗಾಜನ್ನು ಕಾಯಿಸಿ ನೂಲಿನಂತೆ ಎಳೆದನು. ಸುಮಾರು ಒಂದು ಮಿಲಿಮೀಟರು ದಪ್ಪದ ಗಾಜಿನ ಕಡ್ಡಿಗಿಂತ, ಅದರ ಮುನ್ನೂರನೆಯ ಒಂದು ಪಾಲಿನಷ್ಟು ತೆಳುವಾದ ಎಳೆ, ಅಳತೆಗೆ ಅಳತೆ ಹೋಲಿಸಿದಾಗ, ಸುಮಾರು 20 ಪಟ್ಟು ಗಟ್ಟಿಯಾಗಿತ್ತು. ಅಷ್ಟು ಸಣ್ಣ ಎಳೆಯಲ್ಲಿ ದೊಡ್ಡ ಗೀರಿಗೆ ಎಡೆಯೆಲ್ಲಿ? ಮುರಿಯುವುದಕ್ಕೇ ಹೆಸರಾದ ಗಾಜು ನೂಲಾದಾಗ ಉಕ್ಕಿನೊಡನೆ ಪಂದ್ಯ ಕಟ್ಟುವಂತಾಗುತ್ತದೆ. ಗಾಜಿನ ನೂಲಿನ ಬಲವನ್ನೂ ಬಿರುಕಿನ ಗುಟ್ಟನ್ನೂ ಒಂದೇ ಪ್ರಬಂಧ ತಿಳಿಸಿತೆಂಬುದು ಈ ಚರಿತ್ರೆಯಲ್ಲಿ ನಾನು ಕಂಡ ದೊಡ್ಡ ಸೋಜಿಗ.

ಗಾಜಿನ ನೂಲು ಅದಕ್ಕೂ ಮೊದಲೇ ಜನರ ಕಣ್ಣಿಗೆ ಬಿದ್ದಿತ್ತು. 1893ರ ಷಿಕಾಗೊ ಮೇಳದಲ್ಲಿ ಎಡ್ವರ್ಡ್ ಲಿಬ್ಬಿ ಎಂಬ ಗಾಜಿನ ಉದ್ಯಮಿ, ರೇಷ್ಮೆಯೊಡನೆ ಗಾಜಿನ ಎಳೆ ಸೇರಿಸಿ ನೇಯ್ದ ಉಡುಪೊಂದನ್ನು ಪ್ರದರ್ಶಿಸಿದ್ದನು. ಸ್ವಾಮಿ ವಿವೇಕಾನಂದರು ಅದೇ ಮೇಳದ ಅಂಗವಾದ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದರೆಂಬುದು ನಮಗೆಲ್ಲ ಗೊತ್ತು. ಈ ಗಾಜಿನ ಲಂಗದ ವಿಷಯ ಕಡಿಮೆ ಜನರಿಗೆ ಗೊತ್ತು. ಅದು ವಿನೋದದ ವಸ್ತುವಾಗಿಯೇ ಉಳಿಯಿತು. 1932ರಲ್ಲಿ ಅಮೆರಿಕದ ಒಂದು ಗಾಜಿನ ಕಾರ್ಖಾನೆಯಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣನು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೆಣಗುತ್ತಿದ್ದಾಗ, ರಭಸದ ಗಾಳಿ ಕರಗಿದ ಗಾಜಿನ ಧಾರೆಗೆ ತಾಗಿ, ಅದು ನವಿರಾದ ಎಳೆಗಳಾಗಿ ಚದುರಿತು. ಆಕಸ್ಮಿಕವನ್ನು ಗುರುತಿಸುವ ಕಣ್ಣು ಅಲ್ಲಿದ್ದವರಿಗಿತ್ತು. 1938ರಲ್ಲಿ ಓವನ್ಸ್-ಕಾರ್ನಿಂಗ್ ಕಂಪನಿ ಸ್ಥಾಪನೆಯಾಗಿ ಗಾಜಿನ ನಾರು ವ್ಯಾಪಾರದ ಸರಕಾಯಿತು.

ಬರಿಯ ನೂಲಿನಿಂದ ವಿಮಾನವಾಗುವುದಿಲ್ಲ. ನೂಲನ್ನು ಬಟ್ಟೆಯಾಗಿ ನೇಯ್ದು, ಅಚ್ಚಿನೊಳಗೆ ಹಾಸಿ, ರಾಳ ಸವರಿ ಗಟ್ಟಿಯಾಗಲು ಬಿಡಬೇಕು. ನೂಲು ಎಳೆತವನ್ನು ತಡೆಯುತ್ತದೆ. ರಾಳ ನೂಲನ್ನು ಅದರ ಸ್ಥಾನದಲ್ಲಿ ಹಿಡಿದಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದಕ್ಕೆ ತಕ್ಕ ರಾಳಗಳು ದೊರೆತು, 1944ರಲ್ಲಿ ಅಮೆರಿಕದ ರೈಟ್ ಫೀಲ್ಡಿನಲ್ಲಿ ಫೈಬರ್‌ಗ್ಲಾಸಿನ ಹಿಂಬದಿಯೊಡಲುಳ್ಳ ತರಬೇತಿ ವಿಮಾನವೊಂದು ಹಾರಿತು. 1957ರ ನವೆಂಬರಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರಿಚರ್ಡ್ ಎಪ್ಲರ್, ಹರ್ಮನ್ ನೇಗೆಲೆ ಮೊದಲಾದವರ ಫೀನಿಕ್ಸ್ ಎಂಬ ಗ್ಲೈಡರು ಹಾರಿತು. ಮೈಯೆಲ್ಲ ಫೈಬರ್‌ಗ್ಲಾಸಿನದಾದ ಮೊದಲ ಗ್ಲೈಡರು ಅದು. ಎಪ್ಲರ್ ರೂಪಿಸಿದ ರೆಕ್ಕೆಯ ಆಕಾರಗಳು ಮಾದರಿ ವಿಮಾನ ಕಟ್ಟುವವರಿಗೆ ಇಂದಿಗೂ ಅಚ್ಚುಮೆಚ್ಚು. ನಮ್ಮ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ ರೂಪುಗೊಂಡು 1993ರಲ್ಲಿ ಮೊದಲು ಹಾರಿದ, ಇಬ್ಬರು ಕೂರುವ 'ಹಂಸ'ದ ಮೈಯೂ ಇಂಥ ನಾರು-ರಾಳಗಳ ಕೂಟವೇ.

ಇನ್ನು ಈ ಚರಿತ್ರೆಯ ದುಃಖದ ಅಧ್ಯಾಯಕ್ಕೆ ಬರುತ್ತೇನೆ. 1952ರ ಮೇ 2ರಂದು ಬ್ರಿಟನ್ನಿನ 'ಕಾಮೆಟ್' ವಿಮಾನ ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಹೊರಟು ಜೆಟ್ ವಿಮಾನಗಳ ಪ್ರಯಾಣಿಕ ಸೇವೆಯನ್ನು ಆರಂಭಿಸಿತು. ಎತ್ತರದಲ್ಲಿ ಹಾರುವ ವಿಮಾನದೊಳಗೆ ಉಸಿರಾಟಕ್ಕಾಗಿ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಪ್ರತಿ ಹಾರಾಟದಲ್ಲಿಯೂ ಲೋಹದ ಚಿಪ್ಪು ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತದೆ. 1954ರ ಜನವರಿ 10ರಂದು ರೋಮಿನಿಂದ ಹೊರಟ ಕಾಮೆಟ್ ಒಂದು ಎಲ್ಬಾ ದ್ವೀಪದ ಬಳಿ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದಿತು. 35 ಜನ ಸತ್ತರು. ಏಪ್ರಿಲ್ 8ರಂದು ಮತ್ತೊಂದು, ನೇಪಲ್ಸಿನ ಬಳಿ. 21 ಜನ ಸತ್ತರು. ಮೊದಲನೆಯದು ಹಾರಿದ್ದು 1,290 ಬಾರಿ, ಎರಡನೆಯದು 900 ಬಾರಿ.

ತನಿಖೆ ನಡೆದದ್ದು ಅದೇ ಫಾರ್ನ್‌ಬರೋದಲ್ಲಿ, ಆರ್ನಲ್ಡ್ ಹಾಲ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ. ಕಾಮೆಟ್ ಒಂದರ ಒಡಲನ್ನು ದೊಡ್ಡ ತೊಟ್ಟಿಯಲ್ಲಿಟ್ಟು, ಒಳಗೂ ಹೊರಗೂ ನೀರು ತುಂಬಿ, ಒಳಗಿನ ಒತ್ತಡವನ್ನು ಏರಿಸಿ ಇಳಿಸಿ, ಹಾರಾಟದ ಮೇಲೆ ಹಾರಾಟವನ್ನು ಅನುಕರಿಸಿದರು. ಆಕಾಶದಲ್ಲಿ ಹಾರಿದ್ದನ್ನೂ ತೊಟ್ಟಿಯಲ್ಲಿ ಹಾರಿದ್ದನ್ನೂ ಕೂಡಿ 3,057 ಹಾರಾಟಗಳಾದಾಗ ಚಿಪ್ಪು ಸೀಳಿತು. ಸೀಳು ಹೊರಟದ್ದು ಒಂದು ಕಿಟಕಿಯ ಮೂಲೆಯಿಂದ. ಇಲ್ಲಿ ಮಾದರಿ ವಿಮಾನಗಳೂ ಕೈಗೂಡಿಸಿದವು. ಆಕಾಶದಲ್ಲಿ ಬಿಡಿಬಿಡಿಯಾಗುವಂತೆ ಮಾಡಿದ ಮರದ ಪುಟ್ಟ ಕಾಮೆಟ್‌ಗಳನ್ನು ಹಾರಿಸಿ, ತುಂಡುಗಳು ಯಾವ ಕ್ರಮದಲ್ಲಿ ಬಿದ್ದಿರಬಹುದೆಂದು ತಿಳಿದರು. ಪಾರದರ್ಶಕ ಪ್ಲಾಸ್ಟಿಕ್ಕಿನ ಮಾದರಿಯೊಳಗೆ ಪುಟ್ಟ ಕುರ್ಚಿಗಳನ್ನೂ ಗೊಂಬೆಗಳನ್ನೂ ಇಟ್ಟು, ಗಾಳಿ ತುಂಬಿ ಒಡೆದು, ಒಳಗಿದ್ದವರಿಗೆ ಏನಾಗಿರಬಹುದೆಂದು ಚಿತ್ರ ತೆಗೆದರು. ಈ ಭಾಗವನ್ನು ಓದುತ್ತಿದ್ದಾಗ ಪುಸ್ತಕವನ್ನು ಸ್ವಲ್ಪ ಹೊತ್ತು ಮಡಿಚಿಟ್ಟೆ.

ಎಲ್ಬಾದ ಬಳಿ ಸಮುದ್ರದ ತಳದಿಂದ ಎತ್ತಿದ ಚೂರುಗಳಲ್ಲಿ ಮಾಡಿನ ಒಂದು ಭಾಗ ಸಿಕ್ಕಿತು. ಬಿರುಕು ಹೊರಟದ್ದು ಪ್ರಯಾಣಿಕರ ಕಿಟಕಿಯಿಂದಲ್ಲ; ದಿಕ್ಕು ತೋರಿಸುವ ರೇಡಿಯೋ ಆಂಟೆನಾಕ್ಕಾಗಿ ಮಾಡಿನಲ್ಲಿ ಕೊರೆದಿದ್ದ ಕಿಂಡಿಯ ಮೂಲೆಯಿಂದ. ಲೋಹ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಆದ್ದರಿಂದ ಆ ಕಿಂಡಿಗೆ ಗಾಜಿನ ಬದಲು ಮುಚ್ಚಿದ್ದದ್ದು, ಕೇಳುಗರೇ, ಫೈಬರ್‌ಗ್ಲಾಸಿನ ಫಲಕ. ಫಲಕದ ತಪ್ಪೇನೂ ಇರಲಿಲ್ಲ. ಅದನ್ನು ಕೂರಿಸಿದ ಕಿಂಡಿಯ ಅಂಚು ತನ್ನ ಹೊರೆಯನ್ನು ಹೊರಲಾರದೆ ಸೋತಿತ್ತು.

ಕಾಮೆಟ್ಟಿನ ಕಿಟಕಿಗಳು ಚೌಕವಾಗಿದ್ದುದರಿಂದ ಹೀಗಾಯಿತೆಂದು ಅನೇಕರು ಹೇಳುತ್ತಾರೆ. ಇದು ಪೂರ್ತಿ ನ್ಯಾಯವಲ್ಲ. ಮೂಲೆಗಳನ್ನು ಅವರು ದುಂಡಾಗಿಸಿಯೇ ಇದ್ದರು, ಸಾಲುವಷ್ಟು ಆಗಿರಲಿಲ್ಲ. ಪರೀಕ್ಷೆಯನ್ನೂ ಮಾಡಿದ್ದರು, ಆದರೆ ಮೊದಲು ಅತಿ ಒತ್ತಡಕ್ಕೆ ಒಡ್ಡಿದ್ದ ತುಂಡನ್ನೇ ಮುಂದಿನ ಪರೀಕ್ಷೆಗೂ ಬಳಸಿದ್ದರಿಂದ ಅದು ಸಹಜಕ್ಕಿಂತ ಹೆಚ್ಚು ಕಾಲ ಬಾಳಿ ಸುಳ್ಳು ಭರವಸೆ ಕೊಟ್ಟಿತ್ತು. ಮೂಲೆಯಲ್ಲಿ ನಿಜವಾಗಿ ಇದ್ದ ಸೆಳೆತ ಅವರ ಲೆಕ್ಕವನ್ನು ಮೀರಿತ್ತು. ಇಂಗ್ಲಿಸನ ಲೆಕ್ಕ ಬಂದು 41 ವರ್ಷ, ಗ್ರಿಫಿತ್ತನ ಪ್ರಬಂಧ ಬಂದು 34 ವರ್ಷ ಕಳೆದಿದ್ದವು. ಯುದ್ಧಕಾಲದ ಲಿಬರ್ಟಿ ಹಡಗುಗಳಲ್ಲಿ ಸರಕಿನ ಬಾಯಿಗಳ ಚೌಕ ಮೂಲೆಗಳಿಂದ ಬಿರುಕುಗಳು ಹೊರಟಿದ್ದನ್ನೂ ಜಗತ್ತು ಕಂಡಿತ್ತು. ತಿಳಿವಳಿಕೆ ಪುಸ್ತಕದಲ್ಲಿ ಇರುವುದು ಬೇರೆ, ಅದು ಕೈಗೆ ಇಳಿಯುವುದು ಬೇರೆ. ಆ ಎರಡರ ನಡುವಿನ ದೂರವನ್ನು ಕ್ರಮಿಸುವಾಗ ಕೆಲವೊಮ್ಮೆ ಮನುಷ್ಯರ ಪ್ರಾಣ ತೆರಬೇಕಾಗುತ್ತದೆ. ದಪ್ಪನೆಯ ಚಿಪ್ಪು, ದುಂಡನೆಯ ಕಿಟಕಿಗಳೊಡನೆ ಕಾಮೆಟ್ ಮತ್ತೆ ಪ್ರಯಾಣಿಕರನ್ನು ಹೊತ್ತದ್ದು 1958ರಲ್ಲಿ.

ಪುಸ್ತಕಗಳನ್ನು ಮುಚ್ಚಿ ನಾನು ಮೊಮ್ಮಗನ ಬಳಿಗೆ ಹೋದಾಗ, ಅವನು ತನಗಿಂತ ಹಿರಿಯರಾದ ಹವ್ಯಾಸಿಗಳನ್ನು ಕೇಳಿ ಕೊರೆಯುವ ಕ್ರಮವನ್ನು ಕಲಿತುಕೊಂಡು ಬಂದಿದ್ದ. ಬಿರುಕಿನ ತುದಿಯಲ್ಲಿ ಒಂದು ಸಣ್ಣ ದುಂಡು ರಂಧ್ರ ಮಾಡಿ ಅದು ಮುಂದಕ್ಕೆ ಓಡದಂತೆ ತಡೆದಿದ್ದ. ಒಳಗಿನಿಂದ ಗಾಜಿನ ಬಟ್ಟೆ ಹಾಸಿ ರಾಳ ಹಚ್ಚಿದ್ದ. ಹಳೆಯ ಕಿಂಡಿಯ ಗಾಯವನ್ನೆಲ್ಲ ಒಳಗೊಳ್ಳುವಂತೆ ಇನ್ನಷ್ಟು ಅಗಲವಾದ ಹೊಸ ಕಿಂಡಿಯನ್ನು ಕಾಗದದ ಮೇಲೆ ಬರೆದು, ಮೈಗೆ ಅಂಟುಪಟ್ಟಿ ಹಚ್ಚಿ ಅದರ ಮೇಲೆ ಗುರುತು ಮಾಡಿದ್ದ.

ಅವನು ಕೆಲಸ ಮಾಡಿದ ಬಗೆಯನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲು ನಾಲ್ಕು ಮೂಲೆಗಳಲ್ಲಿ, ಗೆರೆಯ ಒಳಗೆ, ದುಂಡು ರಂಧ್ರಗಳು. ಅದಕ್ಕೆ ಒಮ್ಮೆಲೇ ದೊಡ್ಡ ಬೈರಿಗೆ ಹಾಕಲಿಲ್ಲ. ಒಳಗೆ ಮರದ ತುಂಡನ್ನು ಒತ್ತಿ ಹಿಡಿದು, ಸಣ್ಣದರಿಂದ ಆರಂಭಿಸಿ, ಭಾರ ಬಿಡದೆ ಕೊರೆದ. ಮೂಲೆ ಮೊದಲೇ ಗುಂಡಾಗಿಬಿಟ್ಟರೆ ಮುಂದೆ ಬರುವ ಯಾವ ಗೆರೆಯೂ ಅದನ್ನು ದಾಟಿ ಹೋಗಬೇಕಾಗಿಲ್ಲ. ಆಮೇಲೆ ಆ ರಂಧ್ರಗಳ ನಡುವೆ, ಗೆರೆಗೆ ಒಂದು ಮಿಲಿಮೀಟರು ಒಳಗಿನಿಂದ, ತಿರುಗುವ ಸಾಣೆಬಿಲ್ಲೆಯಿಂದ ಸವೆಸಿದ. ಹಲ್ಲಿನ ಗರಗಸ ಏಕೆ ಬೇಡವೆಂದು ಕೇಳಿದೆ. "ಹಲ್ಲು ಎಳೆಯನ್ನು ಕತ್ತರಿಸೋದಿಲ್ಲ ತಾತ, ಕಿತ್ತು ಎಳೆಯುತ್ತೆ. ಪದರ ಬಿಟ್ಟುಕೊಳ್ಳುತ್ತೆ" ಎಂದ. ಗಾಜಿನ ನೂಲು ಉಕ್ಕಿನ ಹಲ್ಲನ್ನೇ ಮೊಂಡು ಮಾಡಿ, ತಾನು ಮಾತ್ರ ರಾಳದಿಂದ ಬಿಡಿಸಿಕೊಂಡು ಬಿಳಿಯ ಕಲೆಯಾಗಿ ನಿಲ್ಲುತ್ತದೆ. ಕೊಳಲು ಮಾಡುವವರು ಬಿದಿರಿಗೆ ಉಳಿ ಹಾಕದೆ ಕಾದ ಕಂಬಿಯಿಂದ ಸ್ವರರಂಧ್ರಗಳನ್ನು ಸುಡುವುದು ನನಗೆ ನೆನಪಾಯಿತು. ಬಿದಿರೂ ನಾರಿನ ಕಟ್ಟೇ. ನಾರಿರುವ ವಸ್ತುವಿನೊಡನೆ ಬಲಪ್ರಯೋಗ ಸಲ್ಲದೆಂಬುದನ್ನು ಅವರು ಯಾವ ಪ್ರಬಂಧವನ್ನೂ ಓದದೆ ತಿಳಿದಿದ್ದರು.

ಉಳಿದ ಒಂದು ಮಿಲಿಮೀಟರನ್ನು ಮರದ ತುಂಡಿಗೆ ಸುತ್ತಿದ ಉಜ್ಜುಕಾಗದದಿಂದ ತೆಗೆದ. ಉಜ್ಜುವುದು ಯಾವಾಗಲೂ ಹೊರಮೈಯಿಂದ ಒಳಕ್ಕೆ. ಒಳಗಿನಿಂದ ಹೊರಕ್ಕೆ ಎಳೆದರೆ ಮೇಲಿನ ಪದರ ಎದ್ದು ಚಕ್ಕೆ ಹಾರುತ್ತದೆ. ಮೂಲೆಗಳಿಗೆ ದುಂಡು ಕಡ್ಡಿಗೆ ಸುತ್ತಿದ ಕಾಗದ. ಗಾಜಿನ ದೂಳು ಚರ್ಮಕ್ಕೆ ತುರಿಕೆ, ಉಸಿರಿಗೆ ಕೇಡು. ಆದ್ದರಿಂದ ಇಬ್ಬರಿಗೂ ಮೂಗುಬಾಯಿ ಮುಚ್ಚುವ ದೂಳುಗವಸು ಇತ್ತು. ಬಿಲ್ಲೆಯ ಕೆಲಸವನ್ನು ಅಂಗಳದಲ್ಲಿ ಮುಗಿಸಿ, ಕೈಯಿಂದ ಉಜ್ಜುವುದನ್ನು ನೀರು ಹನಿಸುತ್ತ ಮಾಡಿದ. ನೀರು ಹನಿಸುವುದು ನನ್ನ ಪಾಲಿಗೆ ಬಂದ ಕೆಲಸ. ಕೊನೆಗೆ, ಒಣಗಿದ ಅಂಚಿನಲ್ಲಿ ಬಾಯಿಬಿಟ್ಟಿದ್ದ ಎಳೆಗಳಿಗೆಲ್ಲ ತೆಳುವಾಗಿ ರಾಳ ಉಣ್ಣಿಸಿ, ಒಳಗಡೆ ಕಿಂಡಿಯ ಸುತ್ತ ತೆಳು ಪ್ಲೈವುಡ್ಡಿನ ಉಂಗುರವನ್ನು ಅಂಟಿಸಿದ. ತೆಗೆದುಹಾಕಿದ ಭಾಗದ ಹೊರೆಯನ್ನು ಇನ್ನು ಮುಂದೆ ಆ ಅಂಚು ಹೊರಬೇಕಲ್ಲ. ಅದಕ್ಕೆ ಆಸರೆ ಬೇಡವೆ?

ಕಿರ್ಶ್, ಇಂಗ್ಲಿಸ್, ಗ್ರಿಫಿತ್ ಯಾರ ಹೆಸರನ್ನೂ ಆ ಹುಡುಗ ಕೇಳಿರಲಿಲ್ಲ. ಎಲ್ಬಾದ ಬಳಿ ಸತ್ತವರ ವಿಷಯವೂ ಅವನಿಗೆ ತಿಳಿದಿರಲಿಲ್ಲ. ಮೊದಲು ಮೂಲೆಯನ್ನು ಗುಂಡಾಗಿಸು ಎಂಬ ಒಂದು ರೂಢಿಯಾಗಿ ಅವರೆಲ್ಲರ ಪಾಠ ಅವನ ಬೆರಳಿಗೆ ಬಂದು ಸೇರಿತ್ತು. ಹೆಸರುಗಳನ್ನೂ ಇಸವಿಗಳನ್ನೂ ಹೇಳುವುದು ನನ್ನಂಥವನ ಪಾಲಿಗೆ ಉಳಿದ ಕೆಲಸ. ಆ ರಾತ್ರಿ ಅವನಿಗೆ ಕಾಮೆಟ್ಟಿನ ಕಥೆ ಹೇಳಿದೆ. ಎಲ್ಲವನ್ನೂ ಕೇಳಿ, ಎದ್ದು ಹೋಗಿ, ದೀಪದ ಬೆಳಕಿನಲ್ಲಿ ಹೊಸ ಕಿಂಡಿಯ ನಾಲ್ಕು ಮೂಲೆಗಳ ಮೇಲೂ ಬೆರಳಾಡಿಸಿ ನೋಡಿದ. ಒಂದು ಮೂಲೆ ಅವನಿಗೆ ಸರಿಯೆನ್ನಿಸಲಿಲ್ಲ. ಮಲಗುವ ಮೊದಲು ಮತ್ತೊಮ್ಮೆ ಉಜ್ಜುಕಾಗದ ಹಿಡಿದು ಕುಳಿತ. ನಾನು ನೀರಿನ ಬಟ್ಟಲು ತಂದೆ.